ಬಾಗಿಲು ಗೊತ್ತಿಲ್ಲದ ಮನೆ

ಕೊಳ್ಳುವವಳ ಹಾಗೆ ಕಾಣಲಿ ಎಂದು ಅಕ್ಕನ ಮುತ್ತಿನ ಸರ ಹಾಕಿಕೊಂಡು ಹೋಗಿದ್ದೆ. ಆದರೂ ಏಜೆಂಟ್ ಹುಡುಗಿ ಮೊದಲು ನೋಡಿದ್ದು ನನ್ನ ಸವೆದ ಚಪ್ಪಲಿಯನ್ನೇ.

"ಮೇಡಂ, ಇಡೀ ಮರ್ಸಾಸ್ಕಾಲಾದಲ್ಲಿ ಇಂಥ ಪೆಂಟ್‌ಹೌಸ್ ಇನ್ನೊಂದಿಲ್ಲ. ಎಂಟೂವರೆ ಲಕ್ಷ ಯೂರೊ. ಎದುರಿಗೆ ಸಮುದ್ರ, ಮೇಲೆ ಆಕಾಶ. ಅಕ್ಕಪಕ್ಕದವರ ಕಾಟವೇ ಇಲ್ಲ."

ನನಗೆ ಸಮುದ್ರ ಬೇಕಿರಲಿಲ್ಲ. ಅಕ್ಕಪಕ್ಕದವರ ಕಾಟವೇ ಬೇಕಿತ್ತು.

ಈ ಜಾಗದಲ್ಲಿ ಮೊದಲು ವಿಸ್ತಿನ್ ಅವರ ತಾರಸಿ ಇತ್ತು. ನಮ್ಮಿಬ್ಬರ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ಬಾಗಿಲುಗಳು ಬೇರೆ ಬೇರೆ ಬೀದಿಗೆ, ಸುತ್ತಿ ಬಂದರೆ ಏಳು ನಿಮಿಷದ ದಾರಿ. ಮೇಲೆ ಮಾತ್ರ ನಡುವೆ ಸೊಂಟದೆತ್ತರದ ಗೋಡೆ. ಹನ್ನೊಂದು ವರ್ಷ ಆಚೆ ಅವರು ತಮ್ಮ ತಾಯಿಯ ಬಟ್ಟೆ ಒಣಹಾಕಿದರು, ಈಚೆ ನಾನು ನನ್ನೊಬ್ಬಳದು. ಗಾಳಿಗೆ ನನ್ನ ಟವೆಲ್ ಆಚೆ ಹಾರುತ್ತಿತ್ತು, ಅವರು ಮಡಿಚಿ ಕೊಡುತ್ತಿದ್ದರು. ಆಮೇಲೆ ಅರ್ಧ ಗಂಟೆ ಮಾತು. ನಿಜ ಹೇಳಬೇಕೆಂದರೆ, ಕೆಲವು ಸಲ ನಾನು ಕ್ಲಿಪ್ಪನ್ನೇ ಹಾಕುತ್ತಿರಲಿಲ್ಲ.

ನಮ್ಮ ಮಾಲ್ಟಾದಲ್ಲಿ ಮನೆಯ ಮೇಲಿನ ಬರೀ ಗಾಳಿಯನ್ನೂ, ಅಲ್ಲಿ ಅಂತಸ್ತು ಕಟ್ಟಿಕೊಳ್ಳಲೆಂದು, ಮಾರುತ್ತಾರೆ. ವಿಸ್ತಿನ್ ಅವರ ತಾಯಿ ತೀರಿಕೊಂಡ ವರ್ಷವೇ ಆ ತಾರಸಿಯ ಮೇಲೆ ಎರಡು ಅಂತಸ್ತು ಎದ್ದವು. ಒಂದು ಮಾತೂ ಹೇಳದೆ ಮಾರಿಬಿಟ್ಟರಲ್ಲ ಎಂದು ಎರಡು ವರ್ಷ ಒಳಗೊಳಗೇ ಕುದಿದೆ. ಅತ್ತದ್ದೂ ಉಂಟು. ಇದು ಮಾರಾಟವಾಗಿಹೋಗುವ ಮೊದಲು ಒಂದು ಸಲ ಆ ಜಾಗದಲ್ಲಿ ನಿಲ್ಲಬೇಕು ಅನ್ನಿಸಿತ್ತು, ಅಷ್ಟೇ.

ಟೆರೇಸಿಗೆ ಬಂದು ಕೆಳಗೆ ಬಗ್ಗಿ ನೋಡಿದೆ. ನನ್ನ ಹಗ್ಗದ ಮೇಲೆ ಒಂದು ಬೆಡ್‌ಶೀಟ್, ಒಂದು ಟವೆಲ್, ನೀಲಿ ಗೆರೆಯ ಒಂದು ದಿಂಬಿನ ಕವರ್. ಎಲ್ಲ ಒಂದೊಂದೇ. ನನ್ನ ಬಾಳೆಲ್ಲ ಇಷ್ಟೇನಾ ಅನ್ನಿಸಿತು.

"ಆ ಹಗ್ಗ ಜೋತು ಬಿದ್ದಿದೆ. ಯಾರಾದ್ರೂ ಬಿಗಿ ಮಾಡಿಕೊಡ್ಬೇಕು."

ತಿರುಗಿದೆ. ವಿಸ್ತಿನ್! ತಾಯಿಯ ಅಂತ್ಯಕ್ರಿಯೆಗೆ ಹೊಲಿಸಿದ್ದ ಅದೇ ಕಪ್ಪು ಕೋಟು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಕಿವಿಯವರೆಗೂ ಕೆಂಪಾಗಿದ್ದರು.

ಏಜೆಂಟ್ ಹುಡುಗಿಗೆ ಖುಷಿಯೋ ಖುಷಿ. "ಈ ಸರ್ ಮೂರನೇ ಸಲ ಬರ್ತಿರೋದು ಮೇಡಂ. ಬಂದಾಗೆಲ್ಲ ಇದೇ ಮೂಲೇಲಿ ನಿಂತ್ಕೋತಾರೆ. ನೀವು ಯೋಚನೆ ಮಾಡ್ತಾ ಕೂತ್ರೆ ಕೈತಪ್ಪಿ ಹೋಗುತ್ತೆ, ನೋಡಿ." ಅಷ್ಟರಲ್ಲಿ ಅವಳಿಗೆ ಫೋನ್ ಬಂತು, ಒಳಗೆ ಹೋದಳು.

"ಮೂರು ಸಲಾನಾ?" ಎಂದೆ. "ಈ ಮೂಲೆಯಿಂದ ಸಮುದ್ರ ಕಾಣಲ್ವಲ್ಲ."

"ಸಮುದ್ರ ಯಾರಿಗೆ ಬೇಕು, ರೇನಾ?"

"ಹಾಗಿದ್ರೆ ಯಾಕೆ ಮಾರಿದ್ರಿ?"

"ನಾನೆಲ್ಲಿ ಮಾರಿದೆ? ಪಾಲಲ್ಲಿ ನನಗೆ ಕೆಳಗಿನ ಮನೆ ಬಂತು, ತಾರಸಿ ತಮ್ಮಂದಿರಿಗೆ ಹೋಯ್ತು. ನೀವು ಅಕ್ಕನ ಊರಿಂದ ವಾಪಸ್ ಬರೋಷ್ಟರಲ್ಲಿ ಕೆಲಸ ಶುರುವಾಗಿಬಿಟ್ಟಿತ್ತು."

"ಬಂದು ಹೇಳಬಹುದಿತ್ತಲ್ಲ! ಬಾಗಿಲು ಇರಲಿಲ್ವಾ ನನಗೆ?"

ಅವರು ಕೋಟಿನ ಗುಂಡಿ ತಿರುಗಿಸುತ್ತ ನಿಂತರು. "ಎಷ್ಟು ಸಲ ಬಂದೆ ನಿಮ್ಮ ಬೀದಿಗೆ. ಯಾವ ಬಾಗಿಲು ಅಂತಾನೇ ತಿಳೀಲಿಲ್ಲ. ಹನ್ನೊಂದು ವರ್ಷ ಮೇಲಿಂದ ನೋಡಿದ ಮನೆ, ಕೆಳಗಿಂದ ಹೇಗೆ ಗುರುತು ಹಿಡೀಲಿ?"

ನಗು ಬಂತು, ಜೊತೆಗೆ ಅಳುವೂ. "ಯಾರನ್ನಾದ್ರೂ ಕೇಳಬಾರದಿತ್ತಾ?"

"ಕೇಳಿದ್ರೆ ಸಂಜೆಯೊಳಗೆ ಊರೇ ನಮ್ಮ ಮದುವೆ ಮಾಡಿಸಿಬಿಡ್ತಿತ್ತು."

"ಮಾಡಿಸ್ಲಿ ಬಿಡು ಅಂತ ಅನ್ನಿಸಲಿಲ್ವಾ?"

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ನಡುವೆ ಗೋಡೆಯಿಲ್ಲದೆ ನಾವು ನಿಂತದ್ದು ಅದೇ ಮೊದಲು.

"ಆ ನೀಲಿ ಗೆರೆ ಕವರ್‌ನ ಜೋಡಿ ನನ್ನ ಹತ್ತಿರ ಇದೆ," ಎಂದರು ಮೆಲ್ಲಗೆ. "ಕೊನೇ ದಿನ ಹಾರಿ ಬಂದಿತ್ತು. ಕೊಡೋಕೆ ಮನಸ್ಸಾಗಲಿಲ್ಲ. ಅದೊಂದೇ ಉಳಿದಿತ್ತು."

"ಈಗ ತಂದುಕೊಡಿ. ಬಾಗಿಲಿಗೆ ಗುರುತು ಕಟ್ಟಿರ್ತೀನಿ."

ಮನೆಗೆ ಬಂದು, ತಾರಸಿಯಿಂದ ಕವರ್ ತಂದು ಬೀದಿ ಬಾಗಿಲ ಹಿಡಿಗೆ ಕಟ್ಟಿದೆ. ಗಂಟು ಎರಡು ಸಲ ಬಿಚ್ಚಿಕೊಂಡಿತು.

ಎದುರು ಮನೆಯ ಚೆನ್ಸಾ ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಏನೇ ರೇನಾ, ಒಗೆದ ಬಟ್ಟೆ ಬೀದಿ ಬಾಗಿಲಿಗಾ? ನಾಚಿಕೆ ಆಗಲ್ವೇನೇ?"

"ಗುರುತಿಗೆ ಅಜ್ಜಿ."

"ಯಾರಿಗೆ?"

ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದೆ. ಏಳು ನಿಮಿಷವಾಯಿತು. ಹದಿನೈದಾಯಿತು. ಮೆಟ್ಟಿಲ ಮೇಲೆ ಕೂತೆ. ಎರಡು ವರ್ಷ ತಳ್ಳಿದವಳಿಗೆ ಆ ನಿಮಿಷಗಳನ್ನು ತಳ್ಳಲಾಗಲಿಲ್ಲ. ಅರ್ಧ ಗಂಟೆಯಾದಾಗ ಬರುವುದಿಲ್ಲವೆಂದುಕೊಂಡು ಗಂಟಿಗೆ ಕೈ ಹಾಕಿದೆ.

ಆಗ ಮೂಲೆಯಲ್ಲಿ ಕಪ್ಪು ಕೋಟು ಕಂಡಿತು. ಒಂದೊಂದೇ ಬಾಗಿಲು ನೋಡುತ್ತ, ಎರಡೂ ಕೈಯಲ್ಲಿ ಮಡಿಚಿದ ಕವರ್ ಹಿಡಿದುಕೊಂಡು ಬಂದರು. ಬಾಗಿಲ ಹಿಡಿಯನ್ನು ನೋಡಿ ನಿಂತರು.

"ಇದೇನಾ?"

"ಇದೇ. ಯಾಕಿಷ್ಟು ಹೊತ್ತು?"

"ಇಸ್ತ್ರಿ ಮಾಡ್ತಿದ್ದೆ."

ತೆಗೆದುಕೊಂಡೆ. ಬಟ್ಟೆ ಇನ್ನೂ ಬೆಚ್ಚಗಿತ್ತು.

"ಒಳಗೆ ಬನ್ನಿ ವಿಸ್ತಿನ್," ಎಂದೆ, ಚೆನ್ಸಾ ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ.