ಕೆಂಪು ಚುಕ್ಕೆಯ ಪಂಪು

ಸಿದ್ದೇಶ್ವರಿ ನಂದಕುಮಾರನ ಮುಖ ನೋಡುವುದಕ್ಕೆ ಮೊದಲು ನೋಡಿದ್ದು ಅವನ ಕಾಲುಗಳನ್ನು. ಬೀದರಿನ ಗಾಂಧಿಗಂಜಿನಲ್ಲಿ ಬೇಳೆಯ ಚೀಲ ಹಿಡಿದುಕೊಂಡು ಅಂಗಡಿಯಿಂದ ಹೊರಗೆ ಬಂದರೆ, ಅವಳ ಹಳೆಯ ನೀಲಿ ಪದ್ಮಿನಿ ಕಾರಿನ ಕೆಳಗಿಂದ ಎರಡು ಕಾಲು ಚಾಚಿಕೊಂಡಿದ್ದವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರದು ಪಕ್ಕಕ್ಕೆ ಜಾರಿ ಬಿದ್ದಿತ್ತು. ಬಿದ್ದದ್ದನ್ನು ಅವಳು ಎತ್ತಿಕೊಂಡಳು.

"ಹೊರಗ ಬರ್ರಿ. ನಿಮ್ಮ ಚಪ್ಲಿ ನನ್ನ ಕೈಯಾಗ ಅದ."

"ಕೊಡ್ಲಕ್ಕೇನ್ರಿ, ಹೊಡೀಲಕ್ಕೇನ್ರಿ?" ಎಂದಿತು ಕಾರಿನ ಕೆಳಗಿನ ದನಿ.

"ನೀವು ಏನ್ ಬಿಚ್ಚೀರಿ ನೋಡಿ ಹೇಳ್ತೇನಿ."

ಅವನು ತೆವಳಿಕೊಂಡು ಹೊರಗೆ ಬಂದ. ತಲೆತುಂಬ ಧೂಳು, ಗಲ್ಲಕ್ಕೆ ಗ್ರೀಸು. ಎರಡೂ ಬರಿಗೈಗಳನ್ನು ಮೇಲೆತ್ತಿ ತೋರಿಸಿದ. "ಏನೂ ಬಿಚ್ಚಿಲ್ರಿ. ಹಿಂದಿನ ಗಾಲಿ ಮ್ಯಾಲಿನ ಕಮಾನ ಪಟ್ಟಿ ನೋಡ್ಲಕತ್ತಿದ್ದೆ. ನಂದೂ ಒಂದು ಪದ್ಮಿನಿ ಅದರಿ, ಭಾಲ್ಕ್ಯಾಗ. ಅದು ತಗ್ಗು ಬಂದ್ರ ಚೀರ್ತದ. ನಿಮ್ದು ಭಾಳ ಚಂದ ಕೂಡ್ಸ್ಯಾರ. ಯಾವ ಮಿಸ್ತ್ರಿ ಮಾಡ್ಯಾನ್ರಿ?"

"ನಾನೇ."

ಅವನು ಅವಳ ಕೈ ನೋಡಿದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಕಪ್ಪನ್ನು ನೋಡಿದ. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಮುಖ ನೋಡಿದ. ಆ ನೋಟ ಅವಳಿಗೆ ಹಿಡಿಸಿತು. ಹಿಡಿಸಿತು ಎಂದು ತಿಳಿದ ತಕ್ಷಣ ಅನುಮಾನವೂ ಶುರುವಾಯಿತು.

ಅನುಮಾನ ಅವಳಿಗೆ ಕಸುಬು ಕಲಿಸಿದ ಗುಣ. ಅವಳು ಔರಾದಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ದಿನವೂ ಬೀದರಿನ ಚಿದ್ರಿಯಲ್ಲಿರುವ ಅಣ್ಣನ ಮನೆಯಿಂದ ಜನವಾಡದ ಮೇಲೆ ಹಾಯ್ದು ಔರಾದಿಗೆ ಹೋಗಿ ಬರುತ್ತಾಳೆ. ಎಮ್ಮೆ ಸುಳ್ಳು ಹೇಳುವುದಿಲ್ಲ, ಎಮ್ಮೆಯ ಮಾಲೀಕ ಹೇಳುತ್ತಾನೆ. "ಏನೂ ತಿನ್ಸಿಲ್ರಿ ಮೇಡಂ" ಎಂದು ಆಣೆ ಮಾಡಿದವನ ಎಮ್ಮೆಯ ಹೊಟ್ಟೆಯಿಂದ ಅವಳು ಮದುವೆಮನೆಯ ಅನ್ನವನ್ನೆಲ್ಲ ಹೊರಗೆ ತೆಗೆದಿದ್ದಾಳೆ.

ಆ ಕಾರು ಅವಳಿಗೆ ಸಿಕ್ಕಿದ್ದೂ ಔರಾದಿನ ಒಂದು ಕೊಟ್ಟಿಗೆಯಲ್ಲಿ. ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮಾಲೀಕನಿಗೆ ಬೇರೆ ಕೋಳಿಗೂಡು ಕಟ್ಟಿಸಿಕೊಟ್ಟು ಕಾರನ್ನು ಎಳೆಸಿಕೊಂಡು ಬಂದಳು. ಬೀದರಿನ ಅಮೀರ ಪಾಶಾನ ಗ್ಯಾರೇಜಿನಲ್ಲಿ ಸಿಕ್ಕ ರಜೆಗಳನ್ನೆಲ್ಲ ಕಳೆದು, ಅವನಿಂದ ಬೈಸಿಕೊಂಡು, ಕೈ ಸುಟ್ಟುಕೊಂಡು, ಅದನ್ನು ರಸ್ತೆಗೆ ಇಳಿಸಿದಳು. ಮನೆಯವರು ಗಂಡು ನೋಡೋಣ ಎಂದಾಗ ಅವಳು ಗೇರ್‌ಬಾಕ್ಸ್ ನೋಡುತ್ತಿದ್ದಳು.

ಆಮೇಲೆ ಒಬ್ಬ ಬಂದ. ಹೈದರಾಬಾದಿನವನು, ಹಳೆಯ ಕಾರೆಂದರೆ ಹುಚ್ಚು ಅಂದ. ವಾರಗಟ್ಟಲೆ ಮನೆಯ ಚಹಾ ಕುಡಿದ, ಕಾರನ್ನೂ ಹೊಗಳಿದ, ಅವಳನ್ನೂ ಹೊಗಳಿದ. ಅವನು ಬರುವುದು ನಿಂತ ಮೇಲೆ ನೋಡಿದರೆ ಕಾರಿನ ಅಸಲಿ ಡೈನಮೋ ಇದ್ದಲ್ಲಿ ಯಾವುದೋ ಗುಜರಿಯ ಡೈನಮೋ ಕೂತಿತ್ತು. ಆಗ ಅವಳು ಅತ್ತದ್ದು ಡೈನಮೋ ಒಂದಕ್ಕೇ ಅಲ್ಲ. ಅಂದಿನಿಂದ ಬಾನೆಟ್ಟಿನ ಒಳಗಿನ ಒಂದೊಂದು ಸಾಮಾನಿಗೂ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟಳು. ಚುಕ್ಕೆ ಇದ್ದರೆ ತನ್ನದು, ಇಲ್ಲದಿದ್ದರೆ ಯಾರೋ ಕೈಯಾಡಿಸಿದ್ದಾರೆ.

ಹೀಗಿರುವವಳ ಮನೆಗೆ ನಂದಕುಮಾರ ಭಾನುವಾರಗಳಂದು ಬರತೊಡಗಿದ. ಭಾಲ್ಕಿಯಲ್ಲಿ ಅವನದು ಶಾಮಿಯಾನದ ಅಂಗಡಿ. ಒಮ್ಮೆ ಬಾಗಿಲಿನ ರಬ್ಬರು ತಂದ, ಒಮ್ಮೆ ಎಲ್ಲೂ ಸಿಗದ ವೈಪರಿನ ಕಡ್ಡಿ ತಂದ. ಅವಳು ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಿದ್ದಳು. ಇವನು ನನ್ನ ಸಲುವಾಗಿ ಬರುತ್ತಾನೋ, ಗಾಡಿಯ ಸಲುವಾಗಿ ಬರುತ್ತಾನೋ? ಅವಳಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ. ಕೇಳುವುದು ಹೇಗೆ?

"ನೀವು ಬಂದ ಕೂಡ್ಲೇ ಮೊದ್ಲ ಬಾನೆಟ್ ನೋಡ್ತೀರಿ. ಆಮ್ಯಾಲ ನನ್ನ ಮಾರಿ ನೋಡ್ತೀರಿ," ಎಂದಳು ಒಂದು ದಿನ.

"ಬಾನೆಟ್ ನೋಡ್ಲಕ್ಕ ಧೈರ್ಯ ಬೇಕಾಗಿಲ್ರಿ ಡಾಕ್ಟರಬಾಯಿ."

ಅವಳು ನಗು ಮರೆಸಲು ಆ ಕಡೆ ತಿರುಗಿದಳು. ತಿರುಗಿದವಳು ಬಾನೆಟ್ ಭದ್ರವಾಗಿದೆಯೇ ಎಂದೂ ಒಮ್ಮೆ ಒತ್ತಿ ನೋಡಿದಳು.

ಬೇಸಿಗೆ ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ಜನವಾಡದ ಹತ್ತಿರ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ತಣ್ಣಗಾದ ಮೇಲೆ ತಾನಾಗಿಯೇ ಹೊರಡುತ್ತಿತ್ತು. ಅವಳು ಪ್ಲಗ್ ಬದಲಿಸಿದಳು, ಕಾರ್ಬುರೇಟರ್ ಬಿಚ್ಚಿ ತೊಳೆದಳು. ಆದರೂ ವಾರಕ್ಕೆರಡು ಸಲ ಬಿಸಿಲಲ್ಲಿ ಒಬ್ಬಳೇ ರಸ್ತೆ ಪಕ್ಕ ನಿಲ್ಲುವುದು ತಪ್ಪಲಿಲ್ಲ.

"ನನಗ ಅನಿಸ್ತದರಿ, ನಿಮ್ಮ ಪಂಪು..." ಎಂದು ನಂದಕುಮಾರ ಬಾಯಿ ತೆರೆದ. ಟ್ಯಾಂಕಿನಿಂದ ಪೆಟ್ರೋಲು ಎಳೆದು ಎಂಜಿನ್ನಿಗೆ ಕೊಡುವ, ಮುಷ್ಟಿಯಷ್ಟು ದೊಡ್ಡ ಪಂಪು ಅದು.

"ನನ್ನ ಪಂಪು ಅಸಲಿ ಅದ. ಅದರ ಮ್ಯಾಲ ಕಣ್ಣ ಹಾಕಬ್ಯಾಡ್ರಿ," ಎಂದಳು.

ಅವನು ಬಾನೆಟ್ಟಿನಿಂದ ಹಿಂದೆ ಸರಿದ.

ಅದರ ಮುಂದಿನ ಭಾನುವಾರ ನಂದಕುಮಾರ ಹೆಗಲಿಗೊಂದು ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬಂದ. ಅವಳು ಬಾನೆಟ್ ತೆರೆದು ಸ್ಪ್ಯಾನರ್ ಹರವಿಕೊಂಡು ಕೂತಿರುವಾಗಲೇ ಪಕ್ಕದ ಮನೆಯ ಕುಬರಾ ಓಡಿ ಬಂದಳು. ಅವಳ ಮೇಕೆಗೆ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಸಿದ್ದೇಶ್ವರಿ ಎಲ್ಲ ಬಿಟ್ಟು ಎದ್ದು ಹೋದಳು. ಮರಿ ಬದುಕಿಸಿ ಬರುವಷ್ಟರಲ್ಲಿ ಬಾನೆಟ್ ಮುಚ್ಚಿತ್ತು, ನಂದಕುಮಾರ ನಳದ ಕೆಳಗೆ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದ.

"ಏನ್ ಮಾಡಿದ್ರಿ?"

"ಧೂಳ ವರ್ಸಿದ್ನಿರಿ."

"ಧೂಳಿಗಿ ಇಷ್ಟು ಸಾಬೂನು ಯಾಕ್ರಿ?"

ಅವನು ಅಂದು ಬಾನೆಟ್ಟನ್ನೂ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಚಹಾ ಬರುವ ಮೊದಲೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಆಮೇಲೆ ಕಾರು ಒಮ್ಮೆಯೂ ನಿಲ್ಲಲಿಲ್ಲ. ತಾನು ಹಾಕಿದ ಹೊಸ ಪ್ಲಗ್ಗುಗಳ ಪ್ರತಾಪವೆಂದು ಅವಳು ಬೀಗಿದಳು. ನಂದಕುಮಾರ ಬರುವುದು ಕಡಿಮೆಯಾಯಿತು. ಫೋನು ಮಾತ್ರ ಮಾಡುತ್ತಿದ್ದ. ಎತ್ತಿದ ತಕ್ಷಣ, "ಗಾಡಿ ಹ್ಯಾಂಗ ನಡದದರಿ? ಜನವಾಡದ ಹಂತ್ಯಾಕ ನಿಂತಿಲ್ಲಲ್ರಿ?" ನೀವು ಹೇಗಿದ್ದೀರಿ ಎಂದು ಒಂದು ದಿನವೂ ಕೇಳಲಿಲ್ಲ.

ಒಂದು ಶನಿವಾರ ಸಂಜೆ ಸೀಮೆಎಣ್ಣೆಯ ಬಟ್ಟೆಯಿಂದ ಎಂಜಿನ್ ಒರೆಸುತ್ತಿದ್ದಾಗ ಕೈ ನಿಂತಿತು. ಪಂಪಿನ ಮೇಲೆ ಕೆಂಪು ಚುಕ್ಕೆ ಇರಲಿಲ್ಲ. ಟಾರ್ಚ್ ಹಾಕಿ ನೋಡಿದಳು, ಉಗುರಿನಿಂದ ಕೆರೆದು ನೋಡಿದಳು. ಅದು ಅವಳ ಪಂಪೇ ಅಲ್ಲ.

ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಇವನೂ ಹಾಗೆಯೇ. ಆ ಹೈದರಾಬಾದಿನವನು ಹೋದಾಗ ಆದದ್ದಕ್ಕಿಂತ ಈಗ ಹೆಚ್ಚು ನೋವಾಯಿತು, ಯಾಕೆಂದರೆ ಈ ಸಲ ಅವಳು ಪ್ರೀತಿಸಿದ್ದಳು. ಆ ರಾತ್ರಿ ಮನೆಯವರಿಗೆ ಕೇಳದ ಹಾಗೆ ಅತ್ತಳು. ಬೆಳಗಾದ ಮೇಲೆ ಸ್ಪ್ಯಾನರ್ ಪೆಟ್ಟಿಗೆ ಡಿಕ್ಕಿಗೆ ಹಾಕಿ ಭಾಲ್ಕಿಯ ದಾರಿ ಹಿಡಿದಳು.

ಅಂದು ಊರಲ್ಲಿ ಮದುವೆಯಿತ್ತು, ನಂದಕುಮಾರ ಪೆಂಡಾಲ್ ಹಾಕಲು ಹೋಗಿದ್ದ. ಮನೆಯಲ್ಲಿದ್ದವರು ಅವನ ತಾಯಿ ಪುತಳಾಬಾಯಿ ಒಬ್ಬರೇ. "ನೀ ಡಾಕ್ಟರಬಾಯಿ ಅಲ್ಲೇನವ್ವಾ? ಬಾ, ಒಳಗ ಬಾ. ದಿನಾ ನಿನ್ನ ಮಾತೇ ಅದ ಈ ಮನ್ಯಾಗ," ಎಂದರು.

ನನ್ನ ಮಾತೋ, ನನ್ನ ಗಾಡಿಯ ಮಾತೋ ಎಂದುಕೊಂಡಳು ಸಿದ್ದೇಶ್ವರಿ. ಬಾಯಲ್ಲಿ ಮಾತ್ರ, "ಗಾಡಿ ನೋಡ್ಲಕ್ಕ ಬಂದೀನಿ ಆಯಿ. ಅವ್ರೇ ಬರ್ರಿ ಅಂದಿದ್ರು," ಎಂದು ಸುಳ್ಳು ಹೇಳಿದಳು.

ಅವನ ಬಿಳಿ ಪದ್ಮಿನಿ ಹಿತ್ತಲಲ್ಲಿ ಶಾಮಿಯಾನದ ಬಟ್ಟೆ ಹೊದ್ದುಕೊಂಡು ನಿಂತಿತ್ತು. "ಭಾಳ ದಿನ ಆತವ್ವಾ ಹೊರಗ ತಗದೇ ಇಲ್ಲ. ಬೀದರಿಗೂ ಬಸ್ಸಿಗೇ ಹೋಗ್ತಾನ. ಯಾಕ ಅಂದ್ರ ಹೇಳಲ್ಲ," ಎಂದರು ಪುತಳಾಬಾಯಿ. ಕದ್ದ ಮಾಲು ಒಳಗಿಟ್ಟುಕೊಂಡು ಯಾರು ಹೊರಗೆ ತರುತ್ತಾರೆ ಎಂದುಕೊಂಡು ಅವಳು ಬಾನೆಟ್ ಎತ್ತಿದಳು. ಅಲ್ಲಿತ್ತು ಅವಳ ಪಂಪು, ಕೆಂಪು ಚುಕ್ಕೆಯ ಸಮೇತ.

ಅವಳು ತನ್ನದನ್ನು ಬಿಚ್ಚಿ ತನ್ನ ಕಾರಿಗೆ ಕೂಡಿಸಿದಳು. ಅವನದನ್ನು ಅವನ ಕಾರಿಗೆ ಕೂಡಿಸಿದಳು. ಕಳ್ಳನ ಸಾಮಾನೂ ತನಗೆ ಬೇಡ. ಪುತಳಾಬಾಯಿ ಶೇಂಗಾ ಹೋಳಿಗೆ ತಂದುಕೊಟ್ಟು, ಅವಳು ನಟ್ಟು ಬಿಗಿಯುವುದನ್ನು ಕೆನ್ನೆಗೆ ಕೈಹಚ್ಚಿ ನೋಡುತ್ತ ಕೂತರು. ಆ ಹೋಳಿಗೆಯನ್ನು ಅವಳು ಮುಟ್ಟಲಿಲ್ಲ. ಹೋಗಿಬರುತ್ತೇನೆಂದು ಕಾಲಿಗೆ ನಮಸ್ಕರಿಸಿ ಹೊರಟಳು.

ಹಲಬರ್ಗಾ ದಾಟುತ್ತಿದ್ದಂತೆ ಕಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇಬಿಟ್ಟಿತು.

ಅವಳು ಇಳಿದು ಪೆಟ್ರೋಲಿನ ಪೈಪು ಬಿಚ್ಚಿ, ಕೀಲಿ ತಿರುವಿ ನೋಡಿದಳು. ಚಿಮ್ಮಬೇಕಾದಲ್ಲಿ ಪೆಟ್ರೋಲು ಒಂದೆರಡು ಹನಿ ತೊಟ್ಟಿಕ್ಕಿತು. ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿದಳು. ಆಯಿಲ್ಲಿನಲ್ಲಿ ಪೆಟ್ರೋಲಿನ ವಾಸನೆ. ಪಂಪಿನ ಒಳಗಿನ ರಬ್ಬರು ಹರಿದಿತ್ತು. ಹರಿದದ್ದು ಇವತ್ತಲ್ಲ, ಜನವಾಡದ ಬಿಸಿಲಲ್ಲಿ ಅವಳನ್ನು ನಿಲ್ಲಿಸುತ್ತಿದ್ದದ್ದೂ ಇದೇ.

ಹಾಗಾದರೆ ಇಷ್ಟು ದಿನ ಅವಳನ್ನು ಔರಾದಿಗೆ ಮುಟ್ಟಿಸಿದ್ದು ಅವನ ಪಂಪು. ಅವಳ ಕೆಟ್ಟ ಪಂಪನ್ನು ತನ್ನ ಕಾರಿಗೆ ಹಾಕಿಕೊಂಡು ಅವನು ಬಸ್ಸಿನಲ್ಲಿ ನೇತಾಡುತ್ತಿದ್ದ. ಅವಳು ಬೇವಿನ ಮರದ ಕೆಳಗೆ ಕೂತಳು. ಮೊದಲು ನಾಚಿಕೆಯಾಯಿತು. ಆಮೇಲೆ ಅವನು ಕಳ್ಳನಲ್ಲ ಎಂಬ ಸಂತೋಷಕ್ಕೆ ಕಣ್ಣು ತುಂಬಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಫೋನ್ ಮಾಡಿದಳು.

"ನಾನು ಹಲಬರ್ಗಾದ ಹಂತ್ಯಾಕ ನಿಂತೀನಿ."

"ಗಾಡಿ ಏನಾತ್ರಿ?"

"ಗಾಡಿ ಕೇಳಬ್ಯಾಡ್ರಿ. ನಾನು ನಿಂತೀನಿ ಅಂದೆ."

"ಬಂದೆ," ಎಂದ.

ಅವನು ಬಂದದ್ದು ತನ್ನ ಬಿಳಿ ಪದ್ಮಿನಿಯಲ್ಲಿ. ಅದು ಕೆಮ್ಮದೆ ಕೆರಳದೆ ಬಂದು ನಿಂತಿತು. ಶಾಮಿಯಾನದ ಹಗ್ಗದ ಸುರುಳಿ ಹಿಡಿದು ಇಳಿದ. "ಅವ್ವ ಎಲ್ಲಾ ಹೇಳಿದ್ಳು," ಎಂದ ನೆಲ ನೋಡುತ್ತ. "ಆ ರಬ್ಬರಿಗಿ ಹೈದ್ರಾಬಾದಿಗಿ ಹೇಳಿದ್ನಿರಿ. ಅದು ಬಂದ ಕೂಡ್ಲೇ ನಿಮ್ಮ ಪಂಪಿಗಿ ಹಾಕಿ ಮತ್ತ ನಿಮಗೇ ಕೂಡ್ಸ್ತಿದ್ದೆ. ನಿಮಗ ಗೊತ್ತೇ ಆಗ್ತಿದ್ದಿಲ್ಲ."

"ಯಾಕ ಹೇಳಲಿಲ್ಲ?"

"ಹೇಳಿದ್ರ ತಗೋತಿದ್ರೇನ್ರಿ?"

ಅವಳು ತೆಗೆದುಕೊಳ್ಳುತ್ತಿರಲಿಲ್ಲ.

"ನೀವು ಬಿಸಲಾಗ ಒಬ್ರೇ ನಿಂತಿರ್ತೀರಿ ಅಂದ್ರ ನನಗ ಊಟ ಹೋಗ್ತಿದ್ದಿಲ್ರಿ," ಎಂದ ಅವನು.

"ಕೇಳ್ದೇ ತಗೊಳ್ಳೋದು ಕಳುವು. ಕೇಳ್ದೇ ಕೊಡೋದೂ ಕಳುವೇ," ಎಂದಳು. "ಕಳ್ಳ ಅಂತ ತಿಳದು ರಾತ್ರಿ ಪೂರಾ ಅತ್ತೀನಿ. ಅದು ಯಾರು ತುಂಬಿ ಕೊಡ್ತಾರ?"

ಅವನು ತಲೆಯೆತ್ತಿದ. "ಅತ್ರೇನ್ರಿ? ನನ್ನ ಸಲುವಾಗಿ?"

"ಪಂಪಿನ ಸಲುವಾಗಿ."

"ಪಂಪಿನ ಸಲುವಾಗಿ ರಾತ್ರಿ ಪೂರಾ ಯಾರೂ ಅಳಲ್ರಿ. ಜರಾ ಹೊತ್ತು ಅಳ್ತಾರ."

ಅವಳಿಗೆ ನಗು ಬಂತು, ಬಿಗಿಹಿಡಿದಳು. ಅವನು ಹಗ್ಗವನ್ನು ಬಾನೆಟ್ಟಿನ ಮೇಲಿಟ್ಟು ಎದುರಿಗೆ ಬಂದು ನಿಂತ. "ತಪ್ಪಾತ್ರಿ. ಇನ್ನ ಕೇಳ್ದೇ ಏನೂ ಮಾಡಲ್ಲ. ಅದಕ್ಕೇ ಈಗ ಕೇಳ್ತೇನಿ. ಚಿದ್ರಿಗಿ ನಿಮ್ಮ ಅಣ್ಣಾರ ಹಂತ್ಯಾಕ ಬಂದು ನಿಮ್ಮನ್ನ ಕೇಳ್ಬೇಕಂತ ಮಾಡೀನಿ. ಬರ್ಲೇನ್ರಿ?"

ಹೂಂ ಎನ್ನುವುದು ಅವಳ ಬಾಯಿಗೆ ಬಂತು. ಆದರೂ ಹಳೆಯ ಗುಣ ಬಿಡಲಿಲ್ಲ. "ನಾಳಿಗಿ ಈ ಗಾಡಿ ಗುಜರಿಗಿ ಹಾಕ್ತೇನಿ. ಆಗೂ ಬರ್ತೀರೇನು?"

ಬರುತ್ತೇನೆ ಎಂದು ಅವನು ಥಟ್ಟನೆ ಅಂದಿದ್ದರೆ ಅವಳು ಖಂಡಿತ ನಂಬುತ್ತಿರಲಿಲ್ಲ. ಅವನು ಕಾರನ್ನು ನೋಡಿದ. ನಿಜವಾಗಿಯೂ ಮುಖ ಬಾಡಿತು.

"ಮೊದ್ಲ ಕೂತು ಅಳ್ತೇನ್ರಿ," ಎಂದ. "ಅತ್ತು ಆದ ಮ್ಯಾಲ ಬರ್ತೇನಿ."

ಎಮ್ಮೆಯ ಮಾಲೀಕರ ಸುಳ್ಳು ಕೇಳಿ ಕೇಳಿ ಬೇಸತ್ತವಳಿಗೆ ಖರೆ ಮಾತಿನ ಗುರುತು ಹತ್ತದೆ ಇರುತ್ತದೆಯೇ? ಅವಳು ಬಾಯಿ ತುಂಬ ನಕ್ಕಳು. ಅವನು ಏನು ಮಾಡಬೇಕೋ ತಿಳಿಯದೆ ಹಗ್ಗ ತೆಗೆದುಕೊಂಡು ಎರಡೂ ಕಾರಿಗೆ ಕಟ್ಟತೊಡಗಿದ.

"ಬೀದರಿಗಿ ಎಳೀಲೇನ್ರಿ? ಅಮೀರ ಪಾಶಾ ಗ್ಯಾರೇಜ್ ತೆರದಿರ್ತಾನ."

"ಭಾಲ್ಕಿಗಿ ಎಳೀರಿ."

"ಭಾಲ್ಕಿಗಿ ಯಾಕ್ರಿ?"

"ಆಯಿಗಿ ಸುಳ್ಳ ಹೇಳಿ ಬಂದೀನಿ, ನೀವೇ ಬರ್ರಿ ಅಂದೀರಂತ. ನೀವಿಲ್ಲದಾಗ ನಿಮ್ಮ ಬಾನೆಟ್ ತೆರದೀನಿ. ಅದು ನಾನೇ ಹೇಳಬೇಕು." ಅವಳು ಕಾರಿನ ಬಾಗಿಲು ತೆರೆದು ನಿಂತಳು. "ಅದು ಹೇಳಿ ಆದ ಮ್ಯಾಲ ನಿಮ್ಮನ್ನ ಕೇಳಬೇಕು."

"ನನ್ನ? ಯಾರ್ನ ಕೇಳ್ತೀರಿ?"

"ಆಯಿನ್ನ. ನೀವು ನಮ್ಮ ಮನಿಗಿ ಬಂದು ನನ್ನ ಕೇಳ್ತೀರಿ. ನಾನು ನಿಮ್ಮ ಮನ್ಯಾಗ ನಿಮ್ಮನ್ನ ಕೇಳಬ್ಯಾಡೇನು? ಕೇಳ್ದೇ ಏನೂ ತಗೊಳ್ಳಲ್ಲ ನಾ."

ನಂದಕುಮಾರ ಹಗ್ಗ ಹಿಡಿದುಕೊಂಡು ಹಾಗೆಯೇ ನಿಂತ.

"ನಿಂತೀರಿ ಯಾಕ? ಹೊಡೀರಿ ಗಾಡಿ," ಎಂದು ಅವಳು ಸ್ಟಿಯರಿಂಗಿನ ಮುಂದೆ ಕೂತು ಬಾಗಿಲು ಹಾಕಿಕೊಂಡಳು. "ನನಗ ಹಸಿವಿ ಆಗ್ಯದ."