ಕಿರೀಟದ ತಿರುಪು

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ನೆಲ್ಲಿಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿನ ರಾಜ ಮಾರಭೂಪನ ತಲೆ ಚಿಕ್ಕದು, ತಾತನ ಕಾಲದ ಕಿರೀಟ ದೊಡ್ಡದು. ಅವನು ಸೀನಿದಾಗಲೆಲ್ಲ ಕಿರೀಟ ಉರುಳಿ ಬೀಳುತ್ತಿತ್ತು. ಸಭೆಯವರು ಕೆಮ್ಮಿದಂತೆ ಮಾಡಿ ನಗು ನುಂಗುತ್ತಿದ್ದರು. ಪಾಪ, ರಾಜನಿಗೆ ವಿಪರೀತ ನಾಚಿಕೆ.

ಒಂದು ದಿನ ಉಗ್ರಶಿಖನೆಂಬ ಮಾಯಾವಿ ಹೊಸ ಕಿರೀಟ ತಂದ. ಅವನ ಮಂತ್ರಶಕ್ತಿಯೆಲ್ಲ ಇದ್ದದ್ದು ಮೊಣಕಾಲುದ್ದದ ಜುಟ್ಟಿನಲ್ಲಿ. ಕಿರೀಟವನ್ನು ರಾಜನ ತಲೆಗಿಟ್ಟು, ಅದರ ಎರಡು ತುದಿಗಳನ್ನು ಹಿಂದೆ ಕೂಡಿಸಿ, ಕಬ್ಬಿಣದ ತಿರುಪು ಹಾಕಿ ಹಲ್ಲು ಕಚ್ಚಿ ಬಿಗಿದ.

"ಕೇಳು ರಾಜ! ಇದು ಸಂಜೆ ಸಂಜೆಗೂ ಕುಗ್ಗುತ್ತದೆ. ಮೂರನೆಯ ಸಂಜೆ ಉಂಗುರದಷ್ಟಾಗುತ್ತದೆ, ಒಳಗೆ ಏನೇ ಇರಲಿ! ರಾಜ್ಯ ಕೊಟ್ಟರೆ ಬಿಚ್ಚುತ್ತೇನೆ."

ಹಿಡಿಯಲು ಬಂದ ಭಟರೆಲ್ಲ ಕಪ್ಪೆಗಳಾದರು.

"ಕೊಟ್ಟೆವು, ಮೊದಲು ಬಿಚ್ಚಯ್ಯ!" ಎಂದಳು ರಾಣಿ ಪದ್ಮಲೆ.

ಮಾಯಾವಿ ತಿರುಪುಳಿ ಹಾಕಿದ. ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿತು. ಬಿಗಿಯುವ ಭರದಲ್ಲಿ ತಿರುಪಿನ ತಲೆಯ ಸೀಳನ್ನೇ ಸವೆಸಿಬಿಟ್ಟಿದ್ದ. ಮಂತ್ರ ಹಾಕಿದರೆ ಅದು ಇನ್ನಷ್ಟು ನುಣ್ಣಗಾಯಿತು.

"ಬಂತೇ?" ಎಂದ ರಾಜ.

"ಬರಲಿಲ್ಲ."

"ಹಾಕೋದು ಗೊತ್ತು, ತೆಗೆಯೋದು ಗೊತ್ತಿಲ್ಲ. ಇವನೊಬ್ಬ ಮಾಯಾವಿ!" ಎಂದು ರಾಣಿ ಉಗಿದಳು. ಅವನು ಕಂಬದ ಹಿಂದೆ ಸರಿದು ನಿಂತ.

ಸಂಜೆಯಾಯಿತು, ಕಿರೀಟ ಕುಗ್ಗಿತು. ಮರುದಿನ ಆಸ್ಥಾನದ ಜಟ್ಟಿ ಇಕ್ಕಳ ಹಿಡಿದು ಬಂದ. ತೊಡೆ ತಟ್ಟಿ, ತಿರುಪನ್ನು ಹಿಡಿದು ತಿರುಚಿದ. ಲಟಕ್ಕನೆ ತಿರುಪಿನ ತಲೆ ಮುರಿದು ಕೈಗೆ ಬಂತು, ಉಳಿದದ್ದು ಒಳಗೇ ಕೂತಿತು.

"ಬಂತೇ?"

"ಬರಲಿಲ್ಲ."

ಎರಡನೆಯ ಸಂಜೆ ಕಿರೀಟ ಮತ್ತೆ ಕುಗ್ಗಿತು. ರಾಜನ ಹುಬ್ಬು ಮೂಗಿನವರೆಗೆ ಇಳಿಯಿತು. ಮೂರನೆಯ ದಿನ ಕೋಟೆಯ ಕಂದಕದಿಂದ ಮಾತನಾಡುವ ಮೊಸಳೆ ಬಂದು, ಕಿರೀಟ ಕಚ್ಚಿ, ರಾಜನನ್ನೂ ಸೇರಿಸಿ ಸಭೆಯ ಸುತ್ತ ಮೂರು ಸುತ್ತು ಎಳೆಯಿತು.

"ಬಂತೇ?"

"ನನ್ನ ಎರಡು ಹಲ್ಲು ಬಂತು ಸ್ವಾಮಿ," ಎಂದು ಅತ್ತಿತು ಮೊಸಳೆ.

ಆಗ ರಾಣಿ ಬೀಗ ರಿಪೇರಿಯ ಕಾಳಮ್ಮನಿಗೆ ಹೇಳಿಕಳಿಸಿದಳು. ಕಾಳಮ್ಮ ಬಂದಳು, ನೋಡಿದಳು, ಎರಡು ಹನಿ ಎಣ್ಣೆ ಬಿಟ್ಟು ಕೂತುಬಿಟ್ಟಳು.

"ಏನಮ್ಮಾ, ಸುಮ್ಮನೆ ಕೂತೆ?"

"ಎಣ್ಣೆ ಇಳೀಬೇಕಲ್ಲ ತಾಯಿ. ಬಲ ಹಾಕಿದ್ದು ಸಾಕು, ಅದರಿಂದಲೇ ಕೆಟ್ಟಿರೋದು."

ಎಣ್ಣೆ ಇಳಿದ ಮೇಲೆ ಸಣ್ಣ ಬೈರಿಗೆಯಿಂದ ಮುರಿದ ತಿರುಪಿನ ನಟ್ಟನಡುವೆ ತೂತು ಕೊರೆದಳು. ಸೆರಗಿನ ಗಂಟಿನಿಂದ ಸುರುಳಿ ಕೆತ್ತಿದ, ತುದಿ ಚೂಪಾದ ಉಕ್ಕಿನ ಕಡ್ಡಿ ತೆಗೆದಳು.

"ತಿರುಪಿನ ಸುರುಳಿ ಬಲಕ್ಕೆ, ಇದರದ್ದು ಎಡಕ್ಕೆ. ಎಡಕ್ಕೆ ತಿರುಗಿಸಿದಷ್ಟೂ ಒಳಗೆ ಕಚ್ಚಿಕೊಂಡು, ತಿರುಪನ್ನೂ ತಿರುಗಿಸಿ ಹೊರಗೆ ತರುತ್ತೆ. ಆದರೆ ನಿಮ್ಮ ತಲೆ ಅಲುಗಬಾರದು ಬುದ್ಧಿ. ಅಲುಗಿದರೆ ಕಡ್ಡಿಯೂ ಮುರಿದು ಒಳಗೇ!"

ಹೊತ್ತು ಮುಳುಗುತ್ತಿತ್ತು. ಕಾಳಮ್ಮ ಕಾಲು ಸುತ್ತು ತಿರುಗಿಸಿದಳು. ಆಗಲೇ ಕಬ್ಬಿಣದ ಪುಡಿ ರಾಜನ ಮೂಗಿಗೆ ಹೋಯಿತು.

"ನನಗೆ... ಸೀ... ಸೀ..."

ರಾಣಿ ಹಾರಿ ಬಂದು ಅವನ ಮೂಗು ಹಿಡಿದಳು. "ತಡ್ಕೊಳ್ಳಿ! ನೀವಿಲ್ಲದೆ ನಾನು ಯಾರನ್ನು ಬಯ್ಯಲಿ?" ಎನ್ನುವಾಗ ಅವಳಿಗೆ ನಿಜವಾಗಿಯೂ ಅಳು ಬಂದಿತ್ತು. ರಾಜ ಕಣ್ಣು ಕೆಂಪಗೆ ಮಾಡಿಕೊಂಡು ತಡೆದ. ಕಿರ್ ಎಂದಿತು ತಿರುಪು. ಒಂದು ಸುತ್ತು. ಎರಡು ಸುತ್ತು.

"ಬಂ...ತೇ?"

"ಬಂತು!"

ರಾಣಿ ಮೂಗು ಬಿಟ್ಟಳು. ತಡೆದಿಟ್ಟ ಸೀನೆಲ್ಲ ಒಮ್ಮೆಲೇ ಹೊರಬಿತ್ತು. ಕಿರೀಟ ಹಾರಿ, ಕಂಬದ ಹಿಂದಿನಿಂದ ಇಣುಕುತ್ತಿದ್ದ ಉಗ್ರಶಿಖನ ಜುಟ್ಟನ್ನು ಸುತ್ತಿ ಕಚ್ಚಿಕೊಂಡಿತು. ಸೂರ್ಯ ಮುಳುಗಿದ. ಕಿರೀಟ ಉಂಗುರದಷ್ಟಾಯಿತು. ಜುಟ್ಟು ತುಂಡಾಗಿ ನೆಲಕ್ಕೆ ಬಿತ್ತು, ಮಾಯೆಯೆಲ್ಲ ಹೋಯಿತು. ಕಪ್ಪೆಗಳು ಭಟರಾದರು, ಒಬ್ಬನು ಮಾತ್ರ ಎಂಟು ದಿನ ವಟಗುಟ್ಟುತ್ತಿದ್ದ.

"ಏನು ಬೇಕು ಕೇಳಮ್ಮ," ಎಂದ ರಾಜ.

"ಈ ಬೋಳುತಲೆಯವನನ್ನು ಅಂಗಡಿಗೆ ಕಳಿಸಿ. ಎಣ್ಣೆ ಬಿಟ್ಟು ಕಾಯೋಕೆ ಒಬ್ಬರು ಬೇಕು. ತಿರುಪುಳಿ ಮಾತ್ರ ಮುಟ್ಟಕೂಡದು."

ರಾಜ ತಾತನ ಕಿರೀಟವನ್ನೇ ಮತ್ತೆ ಇಟ್ಟುಕೊಂಡ. ಇಟ್ಟ ತಕ್ಷಣ ಸೀನಿದ. ಕಿರೀಟ ಉರುಳಿತು. ಈ ಸಲ ಮೊದಲು ನಕ್ಕವನು ರಾಜನೇ. ಆಮೇಲೆ ಅವನು ಸೀನಿದಾಗಲೆಲ್ಲ ಹತ್ತಿರ ಇದ್ದವರು ಕಿರೀಟ ಎತ್ತಿ ಕೊಡುತ್ತಿದ್ದರು. ಹೀಗೆ ನೆಲ್ಲಿಪಟ್ಟಣದವರು ನೂರು ವರ್ಷ ಸುಖವಾಗಿದ್ದರು.