ಹತ್ತೊಂಬತ್ತನೆಯ ಮನೆಯ ಠಸ್ಸೆ

ಇದು ನಿಜವಾಗಿ ನಡೆದದ್ದು. ನಂಬದವರು ದೊರಿನ್‌ನ ಎಡಗೆನ್ನೆ ನೋಡಬಹುದಿತ್ತು. ಎಂಟು ದಿನ ಸೋಪು ಹಾಕಿ ಉಜ್ಜಿದರೂ ಗುರುತು ಹೋಗಲಿಲ್ಲ. ಉಜ್ಜಿದ್ದೇ ಸುಳ್ಳು ಅನ್ನುವವರೂ ಇದ್ದಾರೆ.

ಟ್ರಾನ್ಸಿಲ್ವೇನಿಯಾದಲ್ಲಿ ಜರ್ಮನ್ ಮೂಲದ ಸ್ಯಾಕ್ಸನ್ನರ ಒಂದು ಹಳ್ಳಿ; ಅಲ್ಲಿನ ಚರ್ಚನ್ನು ಸುತ್ತುವರಿದ ಕೋಟೆಯ ಕೀಲಿಗೊಂಚಲು ಹೆರ್ಮಿನೆಯ ಸೊಂಟದಲ್ಲಿರುತ್ತದೆ. ಕೋಟೆಯ ಒಂದು ಗೋಪುರದ ತುಂಬ ಉಪ್ಪು ಹಾಕಿದ ಹಂದಿಮಾಂಸ. ಮನೆಗೊಂದು ಕೊಕ್ಕೆ, ಕೊಕ್ಕೆಗೊಂದು ನಂಬರು. ಭಾನುವಾರ ಗಂಟೆ ಬಾರಿಸಿದ ಮೇಲೆ ಎಲ್ಲರೂ ಬಂದು ತಮ್ಮ ಪಾಲಿನಿಂದ ವಾರಕ್ಕಾಗುವಷ್ಟು ಕೊಯ್ದುಕೊಳ್ಳುತ್ತಾರೆ. ಕೊಯ್ದ ಜಾಗಕ್ಕೆ ಹೆರ್ಮಿನೆ ಆ ಮನೆಯ ನಂಬರಿನ ಠಸ್ಸೆ ಒತ್ತುತ್ತಾಳೆ. ಒತ್ತಿದ ಮೇಲೆ ಅದಕ್ಕೆ ಬೇರೆಯವರು ಚಾಕು ತಾಗಿಸುವಂತಿಲ್ಲ.

ಹೋದ ಬೇಸಿಗೆಯಲ್ಲಿ ದೊರಿನ್ ಬಂದಿದ್ದ. ಕ್ಲೂಜ್ ನಗರದವನು, ಅನಿಮೇಶನ್ ಚಿತ್ರಗಳಿಗೆ ಊರು-ಕೇರಿ ಬರೆದುಕೊಡುವ ಕಲಾವಿದ. ಮೂರು ತಿಂಗಳು ಗುಡ್ಡ, ಗೋಡೆ, ಗೋಪುರ ಬರೆದ; ಬಿಡುವಿದ್ದಾಗ ಹೆರ್ಮಿನೆಯನ್ನು ಬರೆದ. ಅವನಿಗೆ ಬಿಡುವು ಬಹಳವಿತ್ತು. ಹಿಂದೆ ದಾಳಿಕೋರರು ಬಂದಾಗಲೆಲ್ಲ ಊರಿನ ಮಕ್ಕಳು ಇದೇ ಗೋಪುರದಲ್ಲಿ ಅಡಗಿ ಬದುಕಿದ ಕಥೆಯನ್ನು ಅವಳೇ ಹೇಳಿದ್ದಳು. ಅವನು ಹೊರಡುವ ದಿನ ಕೀಲಿಗೊಂಚಲನ್ನು ಅವನ ಅಂಗೈಯಲ್ಲಿಟ್ಟು, ತಕ್ಷಣ ಕಿತ್ತುಕೊಂಡು, ಓರೆಗಣ್ಣಲ್ಲಿ ನಕ್ಕಿದ್ದಳು.

ಈಚೆಗೆ ಅವನು ಬರೆದುಕೊಟ್ಟ ಚಿತ್ರದ ಟ್ರೇಲರ್ ಬಂತು. ಗೋಪುರ ಅದೇ. ಕೊಕ್ಕೆಗಳಲ್ಲಿ ನೇತಾಡುತ್ತಿದ್ದದ್ದು ಮಕ್ಕಳು. ಕೆಳಗೆ ಚಾಕು ಮಸೆಯುತ್ತಿದ್ದ ರಾಕ್ಷಸಿಯ ಸೊಂಟದಲ್ಲಿ ಕೀಲಿಗೊಂಚಲು, ಗಲ್ಲದ ಮೇಲೆ ಹೆರ್ಮಿನೆಯದೇ ಮಚ್ಚೆ.

ಅದೇ ವಾರದ ಭಾನುವಾರ ದೊರಿನ್ ಹೂ ಹಿಡಿದು ಗೋಪುರಕ್ಕೆ ಬಂದ. ಸಾಲಿನಲ್ಲಿ ಒಂಬತ್ತು ಜನರಿದ್ದರು. ತನ್ನ ಮನೆಯ ಪಾಲು ಕೊಯ್ಯುತ್ತಿದ್ದ ಹೆರ್ಮಿನೆ ತಿರುಗದೆಯೇ ಅವನ ಹಳೆಯ ಮಾತನ್ನು ಅವನದೇ ದನಿಯಲ್ಲಿ ಅಣಕಿಸಿದಳು.

“‘ಹೆರ್ಮಿನೆ, ನಿನ್ನ ಮಚ್ಚೆ ಮೇಲೆ ಬಿಸಿಲು ಬಿದ್ರೆ ನಂಗೆ ಊಟಾನೇ ಬೇಡ.’ ನಿಂಗೆ ಊಟ ಬೇಡ, ನಂಗೆ ಮಾತ್ರ ಮಕ್ಕಳನ್ನ ತಿನ್ನಿಸ್ತೀಯ.”

ಸಾಲಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಮ್ಮು ಬಂತು. ಸ್ಟುಡಿಯೋದವರಿಗೆ ಹೆದರಿಸುವಂಥದ್ದು ಬೇಕಿತ್ತು ಎಂದು ದೊರಿನ್ ತೊದಲಿದ.

“ನನ್ನ ಮೂತಿ ವಿಷಯ ಹಾಳಾಗ್ಲಿ. ಐನೂರು ವರ್ಷ ಮಕ್ಕಳನ್ನ ಕಾಪಾಡಿದ ಜಾಗ ಕಣೋ ಇದು. ಇನ್ಮೇಲೆ ಇದನ್ನ ಕಂಡ್ರೆ ಮಕ್ಕಳು ಅಳ್ತವೆ.”

ಅವನು ತಲೆ ತಗ್ಗಿಸಿದ. “ಅದು ತಪ್ಪೇ. ಆ ಗೋಪುರ ಬದಲಾಯಿಸ್ತೀನಿ, ಅವರು ಒಪ್ಪದಿದ್ರೆ ಕೆಲಸ ಬಿಡ್ತೀನಿ. ಆದ್ರೆ ಮುಖದ ವಿಷಯ... ಯಾವ ಹೆಂಗಸಿನ ಮುಖ ಬರೆಯೋಕೆ ಕೂತ್ರೂ ನಂಗೆ ಈಗ ಒಂದೇ ಬರ್ತಿದೆ.”

ಆ ಮಾತು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು. ತನ್ನ ಪಾಲಿಗೆ ಒತ್ತಲು ತೆಗೆದಿಟ್ಟಿದ್ದ ಠಸ್ಸೆಯನ್ನು ನೀಲಿ ಶಾಯಿಗೆ ಅದ್ದಿ ಅವನ ಎಡಗೆನ್ನೆಗೆ ಒತ್ತಿಬಿಟ್ಟಳು. “ಹೋಗು, ಊರೆಲ್ಲ ನಿನ್ನ ನೋಡಿ ನಗಲಿ.”

ಯಾರೂ ನಗಲಿಲ್ಲ. ಸಾಲಿನ ಮುಂದಿದ್ದ ತ್ರೇನಿ ಅಜ್ಜಿ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು.

“ಹತ್ತೊಂಬತ್ತು. ನಿಮ್ಮನೆ ನಂಬರು ಅಲ್ವೇನೇ ಹುಡುಗಿ? ಸರಿ ಬಿಡು, ಇನ್ನು ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ಹೆರ್ಮಿನೆಯ ಕಿವಿ ಕೆಂಡವಾಯಿತು. ಏಪ್ರನ್ ತುದಿ ಹಿಡಿದು ಒರೆಸಲು ಧಾವಿಸಿದಳು. ದೊರಿನ್ ಎರಡೂ ಕೈಯಲ್ಲಿ ಕೆನ್ನೆ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದ, ಹೂ ನೆಲಕ್ಕೆ ಬಿತ್ತು, ಸಾಲು ಕೊನೆಗೂ ನಗತೊಡಗಿತು. ಅವರೆಲ್ಲರನ್ನೂ ಮೀರಿಸಿ, ಕೊಕ್ಕೆಗಳು ಅಲ್ಲಾಡುವಂತೆ ನಕ್ಕವನು ದೊರಿನ್.